ಬಿಡಾರದ ಹಿಂದಿನ ಹಲಸು

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ನಮ್ಮ ತವರುಮನೆಯಲ್ಲಿ ದೇವರ ಪಟಗಳ ಸಾಲಿನ ಕೊನೆಗೆ ಒಂದು ಕಪ್ಪು-ಬಿಳುಪು ಫೋಟೊ ಇದೆ. ಹಿಂದೊಮ್ಮೆ ದೇಶ ಆಳಿದವರದು. ಅಮ್ಮ ದಿನವೂ ಸ್ನಾನ ಮಾಡಿ ದೇವರಿಗೆ ಇಟ್ಟ ಕುಂಕುಮದಲ್ಲೇ ಒಂದು ಚೂರು ಅದಕ್ಕೂ ಹಚ್ಚುತ್ತಾಳೆ. ಹಚ್ಚಿ ಹಚ್ಚಿ ಗಾಜಿನ ಮೇಲೆ ದಪ್ಪ ಕಲೆ ಕೂತಿದೆ. ಉಳುವವನಿಗೇ ಭೂಮಿ ಕೊಡಿಸಿದ ಗೇಣಿ ಕಾನೂನು ಬೆಂಗಳೂರಿನದೋ ದೆಹಲಿಯದೋ, ಅಮ್ಮನಿಗೆ ಅದೆಲ್ಲ ಬೇಡ. ಜಮೀನು ಕೊಟ್ಟವರು ಇವರೇ.

ಅವರನ್ನು ನಾನೂ ನೋಡಿದ್ದೇನೆ, ಕೊಪ್ಪದ ಮೈದಾನದಲ್ಲಿ, ಅಪ್ಪನ ಹೆಗಲ ಮೇಲೆ ಕೂತು. ಭಾಷಣ ಒಂದಕ್ಷರ ಅರ್ಥವಾಗಲಿಲ್ಲ. ದೊಡ್ಡ ಜಮೀನ್ದಾರರೊಬ್ಬರು ಏಲಕ್ಕಿ ಹಾರ ಹಾಕಿದರು. ಅವರು ಅದನ್ನು ಕೂಡಲೇ ತೆಗೆದು ಮೇಜಿನ ಮೇಲಿಟ್ಟು, ಹಾಕಿದವರ ಮುಖವನ್ನೂ ನೋಡದೆ ಮೈಕಿನ ಕಡೆ ನಡೆದರು. ಅಪ್ಪ ಸಾಯುವವರೆಗೂ ಅದನ್ನೇ ಹೇಳುತ್ತಿದ್ದ: “ಯಾರ ಮುಲಾಜೂ ಇಲ್ಲ ಮಾರಾಯ್ತಿ ಅವ್ರಿಗೆ.” ಆ ಸ್ವಭಾವ ಎದುರು ಮಾತಾಡಿದವರನ್ನೂ ಜೈಲಿಗೆ ಹಾಕದೆ ಬಿಡಲಿಲ್ಲ ಎಂದು ಆಮೇಲೆ ಓದಿ ತಿಳಿದೆ. ನಮ್ಮ ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ.

ಭೂನ್ಯಾಯ ಮಂಡಳಿಯವರು ಸ್ಥಳ ನೋಡಲು ಬಂದ ದಿನ ಜಮೀನಿನ ಒಡೆಯರು, “ಇವ ಗೇಣಿಯವ ಅಲ್ಲ, ಕೂಲಿಯವ” ಎಂದಿದ್ದರಂತೆ. ನಮ್ಮಲ್ಲಿ ಕಾಗದ ಒಂದೂ ಇರಲಿಲ್ಲ. ಅಪ್ಪ ಮಂಡಳಿಯವರನ್ನು ಅಂಗಳದ ಮೂಲೆಯ ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಹೋದ. “ನನ್ನ ಹೆಂಡ್ತಿ ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು. ನಾಳೆ ಎದ್ದು ಹೋಗೋ ಕೂಲಿಯವ ಹಲಸು ನೆಡ್ತಾನಾ ಸ್ವಾಮಿ?” ಜಮೀನು ನಮ್ಮದಾಯಿತು.

ಅದಕ್ಕೇ ಇರಬೇಕು, ನಮ್ಮ ಕಡೆ ಜಮೀನಿರುವವರು ಕೂಲಿಯವರ ಬಿಡಾರದ ಸುತ್ತ ಮರವಾಗುವ ಗಿಡ ನೆಡಲು ಬಿಡುವುದಿಲ್ಲ. ಬಸಳೆ, ಕೆಸು, ಮೆಣಸಿನಗಿಡ ಬೇಕಾದಷ್ಟು ಮಾಡಿಕೊಳ್ಳಲಿ. ತೆಂಗು, ಹಲಸು ಕೂಡದು. ಈಗ ಜಮೀನು ನೋಡಿಕೊಳ್ಳುವ ನನ್ನ ಅಣ್ಣನೂ ಬಿಡುವುದಿಲ್ಲ.

ಈಚೆಗೆ ಆ ನಾಯಕರ ಪುಣ್ಯತಿಥಿಗೆ ಕೊಪ್ಪದಲ್ಲಿ ಸಭೆ ಇಟ್ಟಿದ್ದರು. ಅಣ್ಣನ ಭಾಷಣವಿತ್ತು. ನಾನು ಎನ್.ಆರ್.ಪುರದಿಂದ ಹಿಂದಿನ ದಿನವೇ ಬಂದಿದ್ದೆ. ಸಭೆಯ ದಿನ ಬೆಳಿಗ್ಗೆ ಅಣ್ಣ ಬನಿಯನ್ನಿನಲ್ಲೇ ಕೊಡಲಿ, ಹಾರೆ ಹಿಡಿದು ಬಿಡಾರದ ಕಡೆ ಹೋದ. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ದುಡಿಯುವ ಹೆಂಗಸು ಅಲ್ಲಿರುವುದು, ಗಂಡ ಇಲ್ಲ. ಆ ಜಾಗ ನಮ್ಮದೂ ಅಲ್ಲ, ಸರ್ಕಾರದ್ದು. ಅಣ್ಣ ಬೇಲಿ ಹಾಕಿ ಸೇರಿಸಿಕೊಂಡದ್ದು. ಬಿಡಾರ ಇರುವ ಜಾಗಕ್ಕೆ ಹಕ್ಕುಪತ್ರ ಬೇಕೆಂದು ಅವಳು ಅರ್ಜಿ ಕೊಟ್ಟಿದ್ದಳು. ಗುರುವಾರ ತಾಲ್ಲೂಕು ಕಚೇರಿಯವರು ನೋಡಲು ಬರುವವರಿದ್ದರು. ಬಾಳೆಯ ಮರೆಯಲ್ಲಿ ಅವಳು ಬೆಳೆಸಿದ್ದ ಹಲಸು ಸೂರಿನ ಎತ್ತರಕ್ಕೆ ಬಂದಿತ್ತು. ಅಣ್ಣ ಕಡಿದ, ಬುಡ ಅಗೆದ, ಮಣ್ಣು ಮುಚ್ಚಿ ತುಳಿದ.

“ಅಯ್ಯಾ, ಹಣ್ಣು ತಿನ್ನೋಕೆ ನೆಟ್ಟಿದ್ದು, ಬೇರೆ ಎಂತಕ್ಕೂ ಅಲ್ಲ” ಎಂದಳು ಅವಳು.

“ಹಣ್ಣು ಬೇಕಾದ್ರೆ ನಮ್ಮ ಮರದ್ದು ತಗೊಂಡು ಹೋಗು ಮಾರಾಯ್ತಿ. ಯಾವತ್ತಾದ್ರೂ ಬೇಡ ಅಂದಿದೀನಾ?”

ಕೈಗೆ ಹತ್ತಿದ ಹಲಸಿನ ಮೇಣ ಬಿಡಿಸಲು ಅಣ್ಣ ಮನೆಗೆ ಬಂದು ಕೊಬ್ಬರಿ ಎಣ್ಣೆ ಕೇಳಿದ. ಏನು ಮೇಣ ಎಂದು ಅಮ್ಮ ಕೇಳಲಿಲ್ಲ. ಬಟ್ಟಲಿಗೆ ಎಣ್ಣೆ ಬಗ್ಗಿಸಿ ಕೊಟ್ಟಳು.

ಸಭೆಯಲ್ಲಿ ಅಣ್ಣ ಚೆನ್ನಾಗಿಯೇ ಮಾತಾಡಿದ. ಅಂಥವರು ಇನ್ನು ಹುಟ್ಟುವುದಿಲ್ಲ ಎಂದ. ಅಪ್ಪ ಹಲಸಿನ ಮರ ತೋರಿಸಿದ ಕತೆ ಹೇಳುವಾಗ ಟವೆಲಿನಿಂದ ಕಣ್ಣೊರೆಸಿಕೊಂಡ, ತೋರಿಕೆಗಲ್ಲ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಂಜೆ ಅವಳು ಹಿತ್ತಲ ಬಾಗಿಲಿಗೆ ಬಂದಳು. “ಅಕ್ಕಾ, ಗುರುವಾರ ಬರೋರ ಹತ್ರ ಅಲ್ಲಿ ಹಲಸು ಇತ್ತು ಅಂತ ಒಂದ್ ಮಾತು ಹೇಳ್ತೀರಾ? ನೀವು ಹೇಳಿದ್ರೆ ನಂಬ್ತಾರೆ.”

“ನೋಡ್ತೀನಿ” ಎಂದೆ.

ಬುಧವಾರ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟೆ. ಮುಲಾಜಿಲ್ಲದವರ ಫೋಟೊಗೆ ಕುಂಕುಮ ಹಚ್ಚುವ ಮನೆಯವಳು, ಅಣ್ಣನ ಮುಲಾಜಿಗೆ ಬಿದ್ದು. ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಹಪ್ಪಳ, ಅಪ್ಪ ತೋರಿಸಿದ ಅದೇ ಮರದ ಹಲಸಿನದು.

ಶುಕ್ರವಾರ ಅವಳೇ ಫೋನ್ ಮಾಡಿದಳು. “ಬಂದಿದ್ರು ಅಕ್ಕ. ಬಿಡಾರ ಹೊಸದು, ಸುತ್ತ ಒಂದು ಮರ ಸಹ ಇಲ್ಲ ಅಂತ ಬರ್ಕೊಂಡು ಹೋದ್ರು.”

“ಅಮ್ಮನಿಗೆ ಹೇಳಿದ್ಯಾ?”

“ಹೇಳ್ದೆ. ಪಟಕ್ಕೆ ಕುಂಕುಮ ಹಚ್ತಾ ಇದ್ರು. ತಿರುಗಿ ನೋಡಲಿಲ್ಲ.”