ಮಧ್ಯಾಹ್ನ ಮುದುಡಿದ ಜೋಳ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಕಲ್ಯಾಣಿಯಿಂದ ಹುಮನಾಬಾದ್ ಕಡೆಯ ಒಂದು ಹಳ್ಳಿಗೆ ನಾನು ಸೊಸೆಯಾಗಿ ಬಂದು ಎರಡನೆಯ ಮಳೆಗಾಲ. ಜೋಳ ಮೊಣಕಾಲೆತ್ತರ ಬಂದಿತ್ತು, ಮಳೆ ನಿಂತುಹೋಯಿತು.

ಅತ್ತೆ ವಿಧವೆ. ದಿನವೂ ಹೊಲದಲ್ಲಿ ಬಾಗಿ ದುಡಿಯುವವರು ಅವರು. ಯಜಮಾನಿಕೆ ಮಾತ್ರ ಅವರ ಭಾವನದು, ನನಗೆ ದೊಡ್ಡ ಮಾವ. ಆತ ಹೊಲಕ್ಕೆ ಬರುತ್ತಿದ್ದುದೇ ಅಪರೂಪ. ಒಂದು ದಿನ ಉರಿಬಿಸಿಲಿನಲ್ಲಿ ಬಂದು, ಸುರುಳಿ ಸುತ್ತಿಕೊಂಡ ಎಲೆಗಳನ್ನು ನೋಡಿ, "ಒಣಗಿ ಹೋಗ್ಯಾದ. ನಾಳಿಗೆ ಎತ್ತು ಬಿಟ್ಟು ಮೇಯಿಸ್ರಿ" ಎಂದರು.

ಅತ್ತೆ ಸೆರಗು ಮುಂದೆಳೆದುಕೊಂಡು ಹೇಳಿದರು: "ಸತ್ತಿಲ್ರಿ ಭಾವಾರ. ಬಿಸಿಲಿಗೆ ನೀರು ಹಾರಿ ಹೋಗಬಾರ್ದಂತ ಎಲಿ ಸುತಗೊಂಡದ. ಮುಂಜಾನಿ ಬಂದು ನೋಡ್ರಿ, ಬಿಚ್ಚಿರ್ತದ. ನೀರಿಲ್ದ ಕುಂತ ಎಳೀ ಜ್ವಾಳ ದನಕ್ಕ ವಿಷ ಆಗ್ತದರಿ."

"ಒಣಗಿದ್ದಕ್ಕ ಎಲ್ಲೀ ವಿಷ? ನಿನಗೇನ್ ತಿಳೀತದ?"

ನನ್ನ ಗಂಡ ಪಕ್ಕದಲ್ಲೇ ಇದ್ದರು. ದೊಡ್ಡ ಮಾವನ ಹಿಂದೆಯೇ ಮನೆಯತ್ತ ನಡೆದರು.

ಮರುದಿನ ಬೆಳಕು ಹರಿಯುವ ಮೊದಲೇ ಅತ್ತೆ ನನ್ನನ್ನು ಹೊಲಕ್ಕೆ ಎಳೆದೊಯ್ದರು. ಎಲೆಗಳೆಲ್ಲ ಅಗಲವಾಗಿ ಬಿಚ್ಚಿಕೊಂಡು ತಣ್ಣಗಿದ್ದವು. ಒಂದನ್ನು ಹರಿದು ನನ್ನ ಅಂಗೈಯಲ್ಲಿ ಒತ್ತಿದರು, ಹಸಿ. ಸಾಲಿನ ನಡುವಿನ ತೊಗರಿಯನ್ನೂ ತೋರಿಸಿದರು. "ಇದೂ ಶಾಣ್ಯಾ ಅದ. ಮಧ್ಯಾಹ್ನ ಎಲಿ ನೆಟ್ಟಗ ನಿಂದರಸ್ತದ, ಬಿಸಿಲು ಮೈಮ್ಯಾಲ ಬೀಳಬಾರ್ದಂತ."

ಮನೆಗೆ ಓಡಿ ಬಂದು, ಎಲೆ ಬಿಚ್ಚಿದೆ, ಎತ್ತು ಬಿಡಬೇಡಿ ಎಂದು ಗಂಡನಿಗೆ ಹೇಳಿದೆ. "ದೊಡ್ಡಪ್ಪಗ ಹ್ಯಾಂಗ ಹೇಳಲಿ?" ಎಂದು ಅವರು ಎತ್ತುಗಳ ಹಗ್ಗ ಬಿಚ್ಚಿದರು.

ಎತ್ತುಗಳು ಒಂದು ಮೂಲೆ ಮೇಯುವಷ್ಟರಲ್ಲೇ ಬಿಳಿ ಎತ್ತು ನಡುಗತೊಡಗಿತು. ಬಾಯಲ್ಲಿ ನೊರೆ. ಏದುಸಿರು ಬಿಡುತ್ತ ಮುಗ್ಗರಿಸಿ ಬಿತ್ತು, ಮತ್ತೆ ಏಳಲಿಲ್ಲ. ಇನ್ನೊಂದನ್ನು ಅತ್ತೆ ಹೊಡೆದು ಹೊಡೆದು ಹೊರಗಟ್ಟಿದರು. ಸತ್ತ ಎತ್ತಿನ ಕೊರಳು ಹಿಡಿದು ಅವರು ಅಳುತ್ತಿದ್ದರೆ, ದೊಡ್ಡ ಮಾವ "ಹಾವು ಕಡದಿರಬೇಕು" ಎಂದರು! ಬೆಳೆ ಜೀವಂತವಾಗಿತ್ತೆಂದು ಸಾಬೀತಾಗಲು ಆ ಮೂಕ ಪ್ರಾಣಿ ಸಾಯಬೇಕಾಯಿತು. ಆತ ಅದನ್ನೂ ಒಪ್ಪಲಿಲ್ಲ, ಆದರೆ ಮತ್ತೆ ಆ ಹೊಲಕ್ಕೆ ದನ ಬಿಡಲು ಹೇಳಲಿಲ್ಲ.

ಶ್ರಾವಣದಲ್ಲಿ ಮಳೆ ಬಂತು. ನಿಂತಲ್ಲೇ ಕಾದಿದ್ದ ಜೋಳ ಎದ್ದಿತು, ತಡವಾಗಿಯಾದರೂ ತೆನೆ ಕಟ್ಟಿತು. ಸುಗ್ಗಿಯ ದಿನ ಪಡಸಾಲೆಯಲ್ಲಿ ಕುಳಿತ ನೆಂಟರ ಮುಂದೆ ದೊಡ್ಡ ಮಾವ ಮೀಸೆ ನೀವಿಕೊಂಡರು. "ಎಲ್ಲಾರೂ ಕಿತ್ತು ಹಾಕ್ರಿ ಅಂದ್ರು. ನಾನೇ ತಡದೆ."

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಲ್ಲಲೂ ಇಲ್ಲ. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ.

"ಸುಳ್ಳು ಹೇಳಬ್ಯಾಡ್ರಿ. ಬೆಳಿ ಉಳಿಸಿದವ್ರು ಅತ್ತಿಯವ್ರು. ನೀವು ಕೊಂದಿದ್ದು ಎತ್ತು."

ಅದೇ ವಾರ ನನ್ನನ್ನು ಗಾಡಿ ಹತ್ತಿಸಿ ತವರಿಗೆ ಕಳಿಸಿದರು. ಎರಡು ತಿಂಗಳು ಯಾರೂ ಕರೆಯಲು ಬರಲಿಲ್ಲ. ಕೊನೆಗೆ ಬಂದವರು ಗಂಡನಲ್ಲ, ಅತ್ತೆ. ನಡೆದೇ ಬಂದಿದ್ದರು, ಅಂಗಾಲು ಒಡೆದಿದ್ದವು. "ಯಾಕ ಅಂದಿ ಹಂಗ?" ಎಂದು ಬೈದರು. ಬೈಯುತ್ತಲೇ ನನ್ನ ಗಂಟು ತಲೆಯ ಮೇಲೆ ಹೊತ್ತುಕೊಂಡರು.

ಆಮೇಲೆ ಮಳೆ ತಪ್ಪಿದ ವರ್ಷಗಳಲ್ಲಿ ದೊಡ್ಡ ಮಾವ ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಎಲೆ ಮುಟ್ಟಿ ನೋಡುತ್ತಿದ್ದರು, ಊರವರಿಗೂ ಹಾಗೆ ನೋಡಲು ಹೇಳುತ್ತಿದ್ದರು. ಯಾರಿಂದ ಕಲಿತೆನೆಂದು ಸಾಯುವವರೆಗೂ ಬಾಯಿಬಿಡಲಿಲ್ಲ. ಅತ್ತೆಗೆ ಅದರ ಬೇಸರವಿರಲಿಲ್ಲ. ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.