ಟವೆಲ್ಲಿನ ಕೆಳಗೆ ಹತ್ತಾಣೆಯಾದ ರೂಪಾಯಿ

ಇಂಗ್ಲಿಷ್ ಓದಬಲ್ಲವನು ಹೇಳಿದ್ದನ್ನೆಲ್ಲ ನಂಬಬೇಡಿ ಎಂದು ನಾನು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಯುದ್ಧದ ಕಾಲದಲ್ಲಿ ಮಳವಳ್ಳಿಯ ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿದ್ದ ನಾನೇ ಅಂಥ ಇಂಗ್ಲಿಷ್ ಬಲ್ಲವನು, ಅದಕ್ಕೇ ಹೇಳುತ್ತೇನೆ.

ಕೋರ್ಟಿನ ನೋಟೀಸು, ಔಷಧಿ ಬಾಟಲಿಯ ಚೀಟಿ, ಏನೇ ಇದ್ದರೂ ನಮ್ಮ ಬೀದಿಯವರು ಓದಿಸಲು ನನ್ನ ಜಗುಲಿಗೇ ಬರುತ್ತಿದ್ದರು. ಅಂಚೆಮನೆಯಲ್ಲಿ ಮನಿಯಾರ್ಡರ್ ಬಿಡಿಸಿಕೊಳ್ಳುವವರ ಹೆಬ್ಬೆಟ್ಟಿಗೆ ಸಾಕ್ಷಿ ಹಾಕುವುದೂ ನನ್ನ ಕೆಲಸವೇ. ಕೂಲಿ ಎಂದರೆ ಒಂದು ಅಚ್ಚು ಬೆಲ್ಲವೋ, ಸೋರೆಕಾಯಿಯೋ. ಬೆಲ್ಲಕ್ಕಿಂತ ಆ ಮರ್ಯಾದೆಯೇ ನನಗೆ ಹೆಚ್ಚು ರುಚಿಸುತ್ತಿತ್ತು.

ಹಿಂದಿನ ಬೀದಿಯಲ್ಲಿ ಒಂದು ಮುಸ್ಲಿಂ ಮನೆ. ಆ ಮನೆಯ ಹಿರಿಮಗ ರಂಗೂನಿನ ಅಕ್ಕಿ ಗಿರಣಿಯಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದ. ಊರಲ್ಲಿದ್ದ ಹೆಂಡತಿಗೆ ತಿಂಗಳು ತಿಂಗಳೂ ಹಣ ಕಳಿಸುತ್ತಿದ್ದ. ಯುದ್ಧಕ್ಕೆ ಸ್ವಲ್ಪ ಮುಂಚೆ ಅವಳನ್ನೂ ಕರೆಸಿಕೊಂಡ. ರಂಗೂನಿನ ಮೇಲೆ ಬಾಂಬು ಬಿದ್ದಾಗ ಇಬ್ಬರೂ ಎಲ್ಲರಂತೆ ನಡೆದೇ ಹೊರಟರು. ಊರು ಮುಟ್ಟಿದವಳು ಅವಳೊಬ್ಬಳೇ. ರವಿಕೆಯ ಒಳಪದರದಲ್ಲಿ ಹತ್ತು ರೂಪಾಯಿಯ ಹನ್ನೆರಡು ನೋಟು ಹೊಲಿದುಕೊಂಡು ಬಂದಿದ್ದಳು.

ಮದ್ದೂರಿನಲ್ಲಿ ಒಬ್ಬ ದರ್ಜಿ ಕಸುಬು ಬಿಡುತ್ತಿದ್ದ. ಅವನ ಹೊಲಿಗೆ ಮಿಷನ್ನಿಗೆ ನೂರಹತ್ತು ರೂಪಾಯಿ ಹೇಳಿದ್ದ. ಅದು ಸಿಕ್ಕರೆ ಅವಳು ತನ್ನ ಅನ್ನ ತಾನು ದುಡಿದುಕೊಳ್ಳಬಹುದಿತ್ತು; ಇಲ್ಲದಿದ್ದರೆ ಮೈದುನನ ಮನೆಯ ಮೂಲೆಯಲ್ಲಿ ಕೂತು ಅವನಿಗೆ ಬೀಡಿ ಸುತ್ತಿಕೊಡಬೇಕು. ಆದರೆ ದರ್ಜಿ ನೋಟು ಮುಟ್ಟಲಿಲ್ಲ. ಅದೇ ದೊರೆಯ ತಲೆ, ಅದೇ ಬಣ್ಣ, ಆದರೂ ಮೇಲೊಂದು ಸಾಲು ಕೆಂಪು ಇಂಗ್ಲಿಷ್ ಅಕ್ಷರ. ಬಲ್ಲವರ ಹತ್ತಿರ ಓದಿಸಿಕೊಂಡು ಬಾ ಎಂದನಂತೆ. ಬಲ್ಲವನು ಯಾರು? ನಾನು.

ಕನ್ನಡಕ ಏರಿಸಿ ಓದಿದೆ. ಬರ್ಮಾ ದೇಶದಲ್ಲಿ ಮಾತ್ರ ಚಲಾವಣೆ ಎಂದಿತ್ತು. ಅದನ್ನೇ ಹೇಳಿದೆ. ಇಲ್ಲಿ ಇದು ಬರೀ ಕಾಗದ ಕಣಮ್ಮ, ಯಾರಾದರೂ ಕೊಂಡರೆ ಬಂದಷ್ಟು ಬಂತು ಎಂದೂ ಸೇರಿಸಿದೆ. ಆ ಎರಡನೆಯ ಮಾತು ನೋಟಿನ ಮೇಲೆ ಎಲ್ಲೂ ಬರೆದಿರಲಿಲ್ಲ. ಅದು ನನ್ನ ಸ್ವಂತ ಪಾಂಡಿತ್ಯ.

ಅವಳು ನೋಟನ್ನೇ ನೋಡುತ್ತ, "ಅಲ್ಲಿ ಅವ್ರು ಕಟ್ಟಿದ್ ದುಡ್ಡು ಇಲ್ಲಿ ಕಮ್ಮಿಯಾಗ್ತಿರಲಿಲ್ಲ ಮೇಷ್ಟ್ರೇ. ಅತ್ ರೂಪಾಯ್ಗೆ ಅತ್ ರೂಪಾಯೇ ಬತ್ತಿತ್ತು" ಎಂದಳು.

ಅದು ಬೇರೆ, ಇದು ಬೇರೆ ಎಂದು ಅವಳ ಬಾಯಿ ಮುಚ್ಚಿಸಿದೆ. ಹೇಗೆ ಬೇರೆ ಎಂದು ನನಗೇ ತಿಳಿದಿರಲಿಲ್ಲ.

ಪೆಟ್ರೋಲಿಗೆ ಬದಲು ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಮಂಡ್ಯಕ್ಕೆ ಹೋದೆವು. ಅಲ್ಲೊಬ್ಬ ಬೆಲ್ಲದ ವ್ಯಾಪಾರಿ ಇಂಥ ನೋಟು ಕೊಳ್ಳುತ್ತಾನೆ ಎಂಬ ಸುದ್ದಿಯಿತ್ತು. ಅವನದು ಸಂತೆಯ ಪದ್ಧತಿ: ದರವನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಮುಗಿಸುವುದು. ಹೆಂಗಸು ಅಲ್ಲಿಗೆ ಕೈ ಒಡ್ಡುವಂತಿಲ್ಲ. ಅವಳ ಪರವಾಗಿ ನಾನು ಒಡ್ಡಿದೆ. ಹದಿನಾರಾಣೆಯ ರೂಪಾಯಿಗೆ ಅವನು ಮೊದಲು ಎಂಟಾಣೆ ಹಿಡಿದ. ನಾನು ಕೈ ಕೊಡವಿದೆ. ಐದೂ ಬೆರಳನ್ನು ಎರಡು ಸಲ ಅದುಮಿದ: ಹತ್ತಾಣೆ. ಒಪ್ಪಿಬಿಟ್ಟೆ. ನೂರಿಪ್ಪತ್ತು ರೂಪಾಯಿ ಎಪ್ಪತ್ತೈದಾಯಿತು. ಎಂಟನ್ನು ಹತ್ತಕ್ಕೆ ಏರಿಸಿದೆನೆಂದು ವಾಪಸು ಬರುವಾಗ ದಾರಿಯುದ್ದಕ್ಕೂ ಅವಳಿಗೇ ಹೇಳಿಕೊಂಡು ಬಂದೆ. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಿಷನ್ನು ಬೇರೆಯವರ ಪಾಲಾಯಿತು.

ಮೂರು ತಿಂಗಳ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ಬೆಂಗಳೂರಿಗೆ ಹೋದವನು ಅಲ್ಲೊಂದು ಬ್ಯಾಂಕಿನ ಕಂಬದ ಮೇಲೆ ಅಂಗೈಯಗಲದ ಚೀಟಿ ನೋಡಿದೆ. ಬರ್ಮಾದಿಂದ ಬಂದವರು ಅಲ್ಲಿಯ ನೋಟನ್ನು ಇಲ್ಲಿ ಬದಲಾಯಿಸಿಕೊಳ್ಳಬಹುದು. ಒಳಗೆ ಹೋಗಿ ದರ ಕೇಳಿದೆ. ರೂಪಾಯಿಗೆ ರೂಪಾಯಿ, ಕಾಸೂ ಕಡಿತವಿಲ್ಲ ಎಂದ ಗುಮಾಸ್ತ. ಆ ಕೆಂಪು ಸಾಲಿನ ಅರ್ಥ ಅಂಗಡಿಯವನು ಇಲ್ಲಿ ಅದನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ ಎಂದಷ್ಟೇ. ಬೆಲೆ ಇಳಿದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೆದರಿಸುವ ಮಾತನ್ನು ಒಂದೊಂದು ನೋಟಿನ ಮೇಲೂ ಅಚ್ಚು ಹಾಕಿದ ಸರ್ಕಾರ, ಬದುಕಿಸುವ ಮಾತನ್ನು ಬೆಂಗಳೂರಿನ ಒಂದು ಕಂಬಕ್ಕೆ ಅಂಟಿಸಿ ಕೈ ತೊಳೆದುಕೊಂಡಿತ್ತು. ಅದೂ ಇಂಗ್ಲಿಷಿನಲ್ಲಿ!

ಮಂಡ್ಯದಲ್ಲಿ ಇಳಿದು ನೆಟ್ಟಗೆ ವ್ಯಾಪಾರಿಯ ಬೆಲ್ಲದ ಮಂಡಿಗೆ ಹೋದೆ. ಅವನಿಗೆ ಮೊದಲೇ ಗೊತ್ತಿತ್ತು, ಮುಚ್ಚಿಡಲೂ ಇಲ್ಲ. ಗಂಡ ಸತ್ತವಳ ದುಡ್ಡು ತಿಂದೆಯಲ್ಲ, ಬರೀ ಕಾಗದ ಎಂಬ ನನ್ನ ಮಾತು ನಂಬಿ ಮಾರಿದಳಲ್ಲ ಎಂದು ನಾನು ಕೂಗಾಡಿದೆ. ಅವನು ಬೆಲ್ಲದ ಮೇಲಿನ ನೊಣ ಓಡಿಸುತ್ತ ಹೇಳಿದ: "ಟವೆಲ್ಲೊಳಗೆ ಮುಗುದ್ ಯಾಪಾರ ಮುಗೀತು ಬುಡಿ ಮೇಷ್ಟ್ರೇ. ಬರೀ ಕಾಗ್ದ ಅಂತ ಅವ್ಳಿಗೆ ಏಳ್ದೋನು ನಾನಲ್ಲ."

ಕಳ್ಳನ ಬಾಯಲ್ಲಿ ಬಂದದ್ದಾದರೂ ಅದು ನಿಜ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನಲ್ಲಿ ಒಕ್ಕಾಲು ಮಾತ್ರ ಇತ್ತು.

ಮಾರನೆಯ ದಿನ ಅವಳ ಮನೆಗೆ ಹೋದೆ. ಮೊರದ ತುಂಬ ಬೀಡಿ ಎಲೆ ಹರಡಿಕೊಂಡು ಕೂತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ವ್ಯಾಪಾರಿಯನ್ನು ಬೈದೆ, ಸರ್ಕಾರವನ್ನು ಬೈದೆ. ಮುಳುಗಿಹೋದ ನಲವತ್ತೈದು ರೂಪಾಯಿಯನ್ನು ನನ್ನ ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ತುಂಬಿಕೊಡುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ನಿಮ್ಮ ಹೆಂಡತಿ ಮಕ್ಕಳು ಉಣ್ಣುವ ದುಡ್ಡು ನನಗೇಕೆ ಎಂದಳು.

ನನಗೆ ಏನು ತಿಳಿಯುತ್ತಿತ್ತಮ್ಮ, ಬರ್ಮಾದ ರೂಪಾಯಿ ನಮ್ಮ ರೂಪಾಯಿಗೆ ಸಮವೆಂದು ಈ ಊರಲ್ಲಿ ಯಾರಿಗೆ ತಾನೇ ಗೊತ್ತಿತ್ತು ಎಂದು ನಾನು ಇನ್ನೂ ಸಮಜಾಯಿಷಿ ಹೇಳುತ್ತಲೇ ಇದ್ದೆ. ಅವಳ ಕೈ ನಿಂತಿತು.

"ತಿಂಗ್ಳು ತಿಂಗ್ಳೂ ಅಂಚೆಮನೇಲಿ, ರಂಗೂನಲ್ಲಿ ಕಟ್ಟಿದ್ ಅತ್ ರೂಪಾಯ್ಗೆ ಅತ್ ರೂಪಾಯೂ ಮುಟ್ತು ಅಂತ ನನ್ ಎಬ್ಬೆಟ್ ಪಕ್ಕ ರುಜು ಆಕ್ತಿದ್ದೋರು ನೀವೇ ಅಲ್ವಾ ಮೇಷ್ಟ್ರೇ?"