ಹಸಿರು ಬಳಿದ ದೇಶ

ದಡಾರದ ಲಸಿಕೆ ಎಲ್ಲಿಗೆ ಕಳಿಸಬೇಕೆಂದು ನೋಡಲು ದೇಶದೇಶಗಳ ಅಂಕಿಅಂಶ ಹುಡುಕಿ ಮ್ಯಾಪ್ ಮಾಡುವುದು ಸ್ಯಾನ್ ಡಿಯಾಗೋದಲ್ಲಿ ನನ್ನ ಕೆಲಸ. ಒಂದು ಪುಟ್ಟ ದೇಶದಲ್ಲಿ ಮಾತ್ರ ಕಾಯಿಲೆ ಸೊನ್ನೆ. ಅದಕ್ಕೆ ಹಸಿರು ಬಳಿದೆ. ಹಾಗಾದರೆ ಅಲ್ಲಿಗೆ ಲಸಿಕೆ ಬೇಡ ಎಂದರು ಮ್ಯಾನೇಜರ್. ಯಾಕೋ ಅನುಮಾನವಾಗಿ ಅಲ್ಲಿನ ಆರೋಗ್ಯ ಇಲಾಖೆಗೆ ಫೋನ್ ಮಾಡಿ, ಇಷ್ಟು ಚೆನ್ನಾಗಿ ಹೇಗೆ ತಡೆದಿರಿ ಎಂದು ಕೇಳಿದೆ.

"ತಡೆಯೋದೆಲ್ಲಿ ಬಂತು?" ಎಂದರು ಅಧಿಕಾರಿ. "ಇದ್ದ ಒಂದು ಲ್ಯಾಬ್ ಕೋವಿಡ್‌ನಲ್ಲಿ ಮುಚ್ಚಿದ್ದು, ಇನ್ನೂ ತೆಗೆದಿಲ್ಲ. ಟೆಸ್ಟೇ ಇಲ್ಲ. ಮಕ್ಕಳ ವಾರ್ಡ್‌ನಲ್ಲಿ ಹಾಸಿಗೆ ಸಿಗ್ತಿಲ್ಲ."

ಫೋನ್ ಇಟ್ಟು, ಹಸಿರು ಅಳಿಸಿ 'ಗೊತ್ತಿಲ್ಲ' ಎಂದು ಬರೆದೆ.

ಆ ಶನಿವಾರ ಕಾರಿನಲ್ಲಿ ಎರಡು ಗಂಟೆ ದೂರದ ಸೆರಿಟೋಸ್‌ನಲ್ಲಿ ಪರಿಚಯದ ಆಂಟಿಯೊಬ್ಬರು ಮನೆಗೆ ಕರೆದು ಹೋಳಿಗೆ ಬಡಿಸುತ್ತಾ, "ನಿಂಗೆ ಶುಗರ್ ಏನೂ ಇಲ್ವಲ್ಲ?" ಎಂದರು.

"ಇಲ್ಲ ಆಂಟಿ" ಎನ್ನುತ್ತಾ ತಟ್ಟೆ ಮುಂದೆ ಮಾಡಿದೆ. ಇದುವರೆಗೆ ಒಮ್ಮೆಯೂ ಟೆಸ್ಟ್ ಮಾಡಿಸಿಲ್ಲ.